ಭಾರತದ ಗರ್ಭಪಾತ ಕಾನೂನು ಮತ್ತು ಸ್ತ್ರೀಯರ ಸಂತಾನ ಹಕ್ಕು

ಭಾರತದಲ್ಲಿ ಗರ್ಭಪಾತವನ್ನು ನಿಯಂತ್ರಿಸುವ ಮುಖ್ಯ ಕಾನೂನು 1971ರ ವೈದ್ಯಕೀಯ ಗರ್ಭ ಸಮಾಪನ ಕಾಯ್ದೆ. ಆಸ್ಪತ್ರೆಗಳಲ್ಲೂ ಕಚೇರಿಗಳಲ್ಲೂ ಇದನ್ನು ಎಂಟಿಪಿ ಕಾಯ್ದೆ ಎಂದೇ ಕರೆಯುತ್ತಾರೆ. 1972ರ ಏಪ್ರಿಲ್ 1ರಂದು ಜಾರಿಗೆ ಬಂದ ಈ ಕಾಯ್ದೆಗೆ 2002ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ತಿದ್ದುಪಡಿಯಾಯಿತು. ಅಮೆರಿಕದ ಸುಪ್ರೀಂ ಕೋರ್ಟು ರೋ ವಿರುದ್ಧ ವೇಡ್ ಪ್ರಕರಣದಲ್ಲಿ ಗರ್ಭಪಾತವನ್ನು ಹಕ್ಕೆಂದು ಒಪ್ಪಿ ತೀರ್ಪು ಕೊಟ್ಟದ್ದು 1973ರಲ್ಲಿ. ಅದಕ್ಕೂ ಮೊದಲೇ ನಮ್ಮ ಸಂಸತ್ತು ಗರ್ಭಪಾತಕ್ಕೆ ಕಾನೂನಿನ ದಾರಿ ತೆರೆದಿತ್ತು. 2022ರ ಜೂನ್‌ನಲ್ಲಿ ಅಮೆರಿಕದ ಅದೇ ಕೋರ್ಟು ಆ ತೀರ್ಪನ್ನು ರದ್ದುಪಡಿಸಿದಾಗ, ಈ ವಿಷಯದಲ್ಲಿ ನಮ್ಮ ದೇಶವೇ ಮುಂದಿದೆ ಎಂಬ ಮಾತು ಇಲ್ಲಿ ಬಹಳ ಕೇಳಿಬಂತು. ಅದು ಅರ್ಧ ನಿಜ. ಕಾಯ್ದೆ ಗರ್ಭಪಾತಕ್ಕೆ ಅವಕಾಶ ಕೊಟ್ಟಿದೆ, ಆದರೆ ಅದನ್ನು ಹೆಣ್ಣಿನ ಹಕ್ಕು ಎಂದು ಎಲ್ಲಿಯೂ ಹೇಳಿಲ್ಲ. ಬಸಿರಿನ ಮೊದಲ ವಾರದಿಂದಲೇ ತೀರ್ಮಾನ ವೈದ್ಯರದ್ದು. ವಾರಗಳು ಮುಂದೆ ಹೋದಂತೆ ಅದು ಇಬ್ಬರು ವೈದ್ಯರದ್ದಾಗುತ್ತದೆ, ಆಮೇಲೆ ವೈದ್ಯಕೀಯ ಮಂಡಳಿಯದ್ದು, ಕಡೆಗೆ ನ್ಯಾಯಾಲಯದ್ದು. ಪ್ರತಿ ಬಾಗಿಲಲ್ಲೂ ದಿನಗಳು ಕಳೆಯುತ್ತವೆ. ಅವಧಿಯನ್ನು ವಾರದ ಲೆಕ್ಕದಲ್ಲಿ ಅಳೆದು ಗಡುವು ಹಾಕುವ ಕಾನೂನೇ ಆ ವಾರಗಳನ್ನು ಕಳೆದುಹಾಕುವಂತೆ ರಚನೆಯಾಗಿರುವುದು ಅದರ ಮೂಲ ದೋಷ.

ಈ ದೋಷದ ಬೇರು 1860ರ ಭಾರತೀಯ ದಂಡ ಸಂಹಿತೆಯಲ್ಲಿದೆ. ಅದರ 312ನೇ ಸೆಕ್ಷನ್ನಿನ ಪ್ರಕಾರ, ತಾಯಿಯ ಜೀವ ಉಳಿಸುವ ಸದುದ್ದೇಶವಿಲ್ಲದೆ ಗರ್ಭಪಾತ ಮಾಡಿದವರಿಗೆ ಮೂರು ವರ್ಷದವರೆಗೆ, ಹೊಟ್ಟೆಯಲ್ಲಿ ಮಗುವಿನ ಚಲನೆ ಶುರುವಾದ ಮೇಲೆ ಮಾಡಿದರೆ ಏಳು ವರ್ಷದವರೆಗೆ ಸೆರೆವಾಸ. ತನ್ನ ಗರ್ಭವನ್ನು ತಾನೇ ಇಳಿಸಿಕೊಂಡ ಹೆಣ್ಣೂ ಇದೇ ಅಪರಾಧಕ್ಕೆ ಗುರಿ ಎಂದು ಸೆಕ್ಷನ್ನಿನ ವಿವರಣೆ ಸ್ಪಷ್ಟವಾಗಿ ಹೇಳಿತು. ಶಿಕ್ಷೆಯ ಭಯದಿಂದ ಗರ್ಭಪಾತಗಳು ನಿಲ್ಲಲಿಲ್ಲ, ಕದ್ದುಮುಚ್ಚಿ ನಡೆದವು. ಕಡ್ಡಿ, ಬೇರು, ನಾಟಿ ಔಷಧಗಳ ನಂಜಿಗೆ ಎಷ್ಟೋ ಹೆಂಗಸರು ಬಲಿಯಾದರು. 1964ರಲ್ಲಿ ಕೇಂದ್ರ ಸರ್ಕಾರ ಈ ಪರಿಸ್ಥಿತಿಯ ಪರಿಶೀಲನೆಗೆ ಮಹಾರಾಷ್ಟ್ರದ ಆರೋಗ್ಯ ಸಚಿವರಾಗಿದ್ದ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1966ರ ಕೊನೆಯಲ್ಲಿ ಬಂದ ಅದರ ವರದಿ ಕಾನೂನನ್ನು ಸಡಿಲಿಸಬೇಕೆಂದು ಶಿಫಾರಸು ಮಾಡಿತು. ಜನಸಂಖ್ಯೆ ತಗ್ಗಿಸುವುದಕ್ಕೆ ಗರ್ಭಪಾತವನ್ನು ಸಾಧನವಾಗಿ ಬಳಸುವುದು ಸರಿಯಲ್ಲ ಎಂದು ಸಮಿತಿ ಎಚ್ಚರಿಸಿದ್ದೂ ಉಂಟು. ಈ ವರದಿಯ ಜೊತೆಗೆ, ಬ್ರಿಟನ್ ಸಂಸತ್ತು 1967ರಲ್ಲಿ ಮಾಡಿದ್ದ ಗರ್ಭಪಾತ ಕಾಯ್ದೆಯ ಮಾದರಿಯೂ ನಮ್ಮ ಶಾಸನಕಾರರ ಕಣ್ಣೆದುರಿಗಿತ್ತು. 1971ರಲ್ಲಿ ಮಸೂದೆ ತಂದಾಗ ಅದರ ಉದ್ದೇಶಗಳನ್ನು ಮೂರು ಬಗೆಯಾಗಿ ಹೇಳಲಾಯಿತು: ತಾಯಿಯ ಆರೋಗ್ಯ, ಅತ್ಯಾಚಾರದಂಥ ಸಂದರ್ಭದಲ್ಲಿ ಮಾನವೀಯತೆ, ಹುಟ್ಟುವ ಮಗುವಿನ ಅಂಗವೈಕಲ್ಯ. ಹೆಣ್ಣಿನ ಇಚ್ಛೆ ಈ ಪಟ್ಟಿಯಲ್ಲಿ ಇರಲಿಲ್ಲ.

ಹಾಗಾಗಿ ಕಾಯ್ದೆ ದಂಡ ಸಂಹಿತೆಯನ್ನು ತೆಗೆದುಹಾಕಲಿಲ್ಲ, ಅದರೊಳಗೊಂದು ವಿನಾಯಿತಿ ಕೊಟ್ಟಿತು. ಆ ವಿನಾಯಿತಿಯೂ ನೋಂದಾಯಿತ ವೈದ್ಯರಿಗೆ. ಬಸಿರು ಮುಂದುವರಿದರೆ ತಾಯಿಯ ಜೀವಕ್ಕೆ ಅಪಾಯ, ಅಥವಾ ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿ, ಇಲ್ಲವೇ ಮಗುವಿಗೆ ಗಂಭೀರ ವೈಕಲ್ಯ ಎಂದು ವೈದ್ಯರು ಸದುದ್ದೇಶದಿಂದ ಅಭಿಪ್ರಾಯಪಟ್ಟರೆ ಅವರ ಮೇಲೆ ಮೊಕದ್ದಮೆ ಇಲ್ಲ. ಮೂಲ ಕಾಯ್ದೆಯಲ್ಲಿ 12 ವಾರದವರೆಗೆ ಒಬ್ಬ ವೈದ್ಯರ, 20 ವಾರದವರೆಗೆ ಇಬ್ಬರ ಅಭಿಪ್ರಾಯ ಬೇಕಿತ್ತು. ಗರ್ಭನಿರೋಧಕ ವಿಫಲವಾಗಿ ನಿಂತ ಬಸಿರು ಮನಸ್ಸಿಗೆ ಹಾನಿ ಮಾಡುತ್ತದೆಂದು ಭಾವಿಸಬಹುದು ಎಂಬ ವಿವರಣೆಯೊಂದು ಇದ್ದದ್ದರಿಂದ ಬಹುಪಾಲು ಗರ್ಭಪಾತಗಳು ಸಾಧ್ಯವಾದವು, ಆದರೆ ಅದು ಮದುವೆಯಾದವರಿಗೆ ಮಾತ್ರ, ಅದೂ ಮಕ್ಕಳ ಸಂಖ್ಯೆಯನ್ನು ಮಿತಿಗೊಳಿಸುವ ಉದ್ದೇಶಕ್ಕೆ. ಶಾ ಸಮಿತಿ ಬೇಡವೆಂದಿದ್ದ ಜನಸಂಖ್ಯಾ ಚಿಂತೆ ಹೀಗೆ ಹಿಂಬಾಗಿಲಿನಿಂದ ಒಳಗೆ ಬಂತು. ಕಾಯ್ದೆಯ ಒಂದು ಅಂಶವನ್ನಂತೂ ಮೆಚ್ಚಲೇಬೇಕು: 18 ವರ್ಷ ತುಂಬಿದ, ಮಾನಸಿಕ ಕಾಯಿಲೆಯಿಲ್ಲದ ಹೆಣ್ಣಿನ ವಿಷಯದಲ್ಲಿ ಅವಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಗಂಡನೊಬ್ಬ ಹೂಡಿದ ಪ್ರಕರಣದಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2011ರಲ್ಲಿ ಇದನ್ನು ಎತ್ತಿಹಿಡಿಯಿತು. ಅವನ ಮೇಲ್ಮನವಿಯನ್ನು 2017ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಹೀಗಿದ್ದರೂ ಗಂಡನನ್ನು ಕರೆತನ್ನಿ ಎನ್ನುವ ಆಸ್ಪತ್ರೆಗಳು ಇಂದಿಗೂ ಇವೆ. ಅವುಗಳ ಅಂಜಿಕೆಗೆ ಒಂದು ಕಾರಣವನ್ನು ಕಾನೂನೇ ಕೊಟ್ಟಿದೆ. ವೈದ್ಯಕೀಯ ಕಾರಣವಿಲ್ಲದೆ, ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಗರ್ಭಪಾತ ಮಾಡಿಸಿಕೊಂಡರೆ ಅದು ಮಾನಸಿಕ ಕ್ರೌರ್ಯವಾಗಬಹುದು ಎಂದು 2007ರ ಸಮರ್ ಘೋಷ್ ವಿಚ್ಛೇದನ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಉದಾಹರಣೆಯಾಗಿ ಹೇಳಿತ್ತು. ಒಂದು ಕಾನೂನಿನಲ್ಲಿ ಅವಳಿಗೆ ಸಿಕ್ಕ ಸ್ವಾತಂತ್ರ್ಯ ಇನ್ನೊಂದರಲ್ಲಿ ಅವಳ ಮೇಲಿನ ಆರೋಪವಾಗುವ ಸಾಧ್ಯತೆ ಇದರಿಂದ ಉಳಿದುಕೊಂಡಿತು.

ಸಂತಾನ ಹಕ್ಕು ಎಂದರೆ ಬಸಿರನ್ನು ತೆಗೆಸಿಕೊಳ್ಳುವ ಹಕ್ಕು ಮಾತ್ರವಲ್ಲ. ಹೆರುವ ಹಕ್ಕೂ, ಬಲವಂತದ ಆಪರೇಷನ್ನಿಗೆ ಒಳಗಾಗದಿರುವ ಹಕ್ಕೂ ಅದರಲ್ಲಿ ಸೇರಿವೆ. ಈ ಕ್ಷೇತ್ರದಲ್ಲಿ ಸರ್ಕಾರದ ಮೊದಲ ಹೆಜ್ಜೆಗಳಲ್ಲೊಂದು ಕನ್ನಡ ನಾಡಿನದೇ. ಮೈಸೂರು ಸಂಸ್ಥಾನವು 1930ರಲ್ಲಿಯೇ ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಕೇಂದ್ರದ ಕುಟುಂಬ ಯೋಜನೆ ಕಾರ್ಯಕ್ರಮ ಆರಂಭವಾದದ್ದು 1952ರಲ್ಲಿ. ಆದರೆ ಮುಂದಿನ ದಶಕಗಳಲ್ಲಿ ಆಯ್ಕೆಯ ಜಾಗವನ್ನು ಗುರಿಗಳು ಆಕ್ರಮಿಸಿದವು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಹೆಚ್ಚಿನವು ಗಂಡಸರ ಮೇಲೆ. ಅದರ ಸಿಟ್ಟು ಚುನಾವಣೆಯಲ್ಲಿ ಕಾಣಿಸಿದ ಮೇಲೆ ಸರ್ಕಾರಗಳು ಗಂಡಸರ ತಂಟೆ ಬಿಟ್ಟು ಹೆಂಗಸರ ಕಡೆ ತಿರುಗಿದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ವಿವಾಹಿತ ಸ್ತ್ರೀಯರಲ್ಲಿ ಸುಮಾರು ಶೇ. 38ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು; ಗಂಡಂದಿರ ಪಾಲು ಶೇ. 0.3. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರಗಳಲ್ಲಿ ಆಪರೇಷನ್ ಆದ ಹೆಂಗಸರು ಸಾಲುಸಾಲಾಗಿ ಸತ್ತರು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದಿತು. ಹೆರಬೇಡ ಎಂದು ಒತ್ತಾಯಿಸುವ ಸರ್ಕಾರಕ್ಕೂ ಹೆರಲೇಬೇಕು ಎಂದು ಒತ್ತಾಯಿಸುವ ಸರ್ಕಾರಕ್ಕೂ ಹೆಣ್ಣಿನ ಮೈ ಸಾರ್ವಜನಿಕ ಸ್ವತ್ತಾಗಿಯೇ ಕಾಣುತ್ತದೆ.

ಹಕ್ಕಿನ ಭಾಷೆ ನಮ್ಮ ಕಾನೂನಿಗೆ ಸಂಸತ್ತಿನಿಂದ ಬರಲಿಲ್ಲ, ನ್ಯಾಯಾಲಯದಿಂದ ಬಂತು. ಅದು ಬಂದದ್ದೂ ಹೆರಲು ಬಯಸಿದ ಒಬ್ಬಳ ಪ್ರಕರಣದಲ್ಲಿ. ಚಂಡೀಗಢದ ಸರ್ಕಾರಿ ಆಶ್ರಯಗೃಹದಲ್ಲಿ ಅತ್ಯಾಚಾರಕ್ಕೊಳಗಾಗಿದ್ದ, ಬುದ್ಧಿಬೆಳವಣಿಗೆ ಸ್ವಲ್ಪ ಕಡಿಮೆಯಿದ್ದ ಯುವತಿ ತನಗೆ ಮಗು ಬೇಕು ಎಂದಳು. ಆಡಳಿತ ಗರ್ಭಪಾತಕ್ಕೆ ಅನುಮತಿ ಕೇಳಿತು. 2009ರ ಸುಚಿತಾ ಶ್ರೀವಾಸ್ತವ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮಗುವನ್ನು ಹೆರುವ ಅಥವಾ ಹೆರದಿರುವ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸಾರಿ ಅವಳ ಮಾತನ್ನು ಎತ್ತಿಹಿಡಿಯಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿವಾದದಿಂದ ಹುಟ್ಟಿದ ಈ ತೀರ್ಪು ದೇಹದ ಮೇಲಿನ ನಿರ್ಧಾರವೂ ಖಾಸಗಿತನದೊಳಗೆ ಸೇರಿದೆ ಎಂದು ಒಪ್ಪಿ ಮುಂದಿನ ದಾರಿ ಹಾಕಿತು.

2021ರ ತಿದ್ದುಪಡಿ ಬಂದದ್ದು ಈ ತೀರ್ಪುಗಳ ನಂತರ. ಅದರಿಂದಾಗಿ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕಾಯಿತು. 20ರಿಂದ 24 ವಾರದವರೆಗೆ ಇಬ್ಬರ ಅಭಿಪ್ರಾಯ ಬೇಕು, ಅದೂ ನಿಯಮಗಳು ಹೆಸರಿಸಿದವರಿಗೆ ಮಾತ್ರ: ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಬಸಿರಿನ ನಡುವೆ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು, ಅಂಗವಿಕಲೆಯರು, ವಿಪತ್ತಿನಲ್ಲಿ ಸಿಕ್ಕವರು, ಹೀಗೆ. 24 ವಾರದ ನಂತರ, ತಾಯಿಯ ಜೀವ ಉಳಿಸುವ ಸಂದರ್ಭವನ್ನು ಬಿಟ್ಟರೆ, ಭ್ರೂಣದಲ್ಲಿ ಗಣನೀಯ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರಷ್ಟೇ ಅವಕಾಶ. ‘ವಿವಾಹಿತ ಸ್ತ್ರೀ ಅಥವಾ ಅವಳ ಗಂಡ’ ಎಂದಿದ್ದ ಕಡೆ ‘ಯಾವುದೇ ಸ್ತ್ರೀ ಅಥವಾ ಅವಳ ಸಂಗಾತಿ’ ಎಂದಾಯಿತು. ಗರ್ಭಪಾತ ಮಾಡಿಸಿಕೊಂಡವಳ ಗುಟ್ಟು ಬಯಲು ಮಾಡಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಗೊತ್ತಾಯಿತು. ಆದರೂ 2022ರ ಜುಲೈನಲ್ಲಿ, ಸಂಗಾತಿ ಕೈಬಿಟ್ಟ 25 ವರ್ಷದ ಅವಿವಾಹಿತೆಗೆ ದೆಹಲಿ ಹೈಕೋರ್ಟು 20 ವಾರ ದಾಟಿದೆ, ನಿಯಮದ ಪಟ್ಟಿಯಲ್ಲಿ ನೀನು ಬರುವುದಿಲ್ಲ ಎಂದಿತು. ಸುಪ್ರೀಂ ಕೋರ್ಟು ಕೂಡಲೇ ಮಧ್ಯಂತರ ಪರಿಹಾರ ಕೊಟ್ಟಿತು. ಸೆಪ್ಟೆಂಬರ್ 29ರಂದು ಡಿ.ವೈ. ಚಂದ್ರಚೂಡ್, ಕೊಡಗಿನವರಾದ ಎ.ಎಸ್. ಬೋಪಣ್ಣ ಮತ್ತು ಜೆ.ಬಿ. ಪಾರ್ದೀವಾಲಾ ಅವರ ಪೀಠ, ವಿವಾಹಿತೆ ಅವಿವಾಹಿತೆ ಎಂಬ ಭೇದ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ಈ ಕಾಯ್ದೆಯ ಮಟ್ಟಿಗೆ ಗಂಡನ ಬಲಾತ್ಕಾರವೂ ಅತ್ಯಾಚಾರವೇ ಎಂದದ್ದು ಅದೇ ತೀರ್ಪು.

ಇಷ್ಟು ಉದಾರವಾದ ವ್ಯಾಖ್ಯಾನವೂ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಮರುವರ್ಷದ ಪ್ರಕರಣವೊಂದು ತೋರಿಸಿತು. ಎರಡು ಮಕ್ಕಳ ತಾಯಿ. ಎರಡನೆಯ ಮಗುವಿಗೆ ಇನ್ನೂ ಹಾಲೂಡುತ್ತಿದ್ದವಳು. ಮೊಲೆಯೂಡುವ ಕಾಲದಲ್ಲಿ ಮುಟ್ಟು ನಿಂತಿರುವುದು ಸಹಜವಾದ್ದರಿಂದ ಮತ್ತೆ ಬಸಿರಾದದ್ದು ಅವಳಿಗೆ ಗೊತ್ತಾಗುವ ಹೊತ್ತಿಗೆ 24 ವಾರ ಆಗಿಹೋಗಿತ್ತು. ಬಾಣಂತನದ ನಂತರದ ಮಾನಸಿಕ ಕಾಯಿಲೆಗೆ ಅವಳು ಮಾತ್ರೆ ತೆಗೆದುಕೊಳ್ಳುತ್ತಿದ್ದಳು. 2023ರ ಅಕ್ಟೋಬರ್ 9ರಂದು ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಗರ್ಭಪಾತಕ್ಕೆ ಅನುಮತಿ ಕೊಟ್ಟಿತು. ಬಳಿಕ ದೆಹಲಿಯ ಏಮ್ಸ್ ವೈದ್ಯರೊಬ್ಬರಿಂದ ಇಮೇಲ್ ಬಂತು: ಭ್ರೂಣ ಬದುಕುವ ಲಕ್ಷಣವಿದೆ, ಎದೆಬಡಿತ ನಿಲ್ಲಿಸಬೇಕೇ ಬೇಡವೇ ಎಂದು ಕೋರ್ಟು ಹೇಳಬೇಕು. 11ರಂದು ಅದೇ ಪೀಠ ಎರಡಾಗಿ ಒಡೆಯಿತು. ಕೊಹ್ಲಿಯವರು ಆದೇಶ ಹಿಂಪಡೆಯಬೇಕೆಂದರು. ಕರ್ನಾಟಕ ಹೈಕೋರ್ಟಿನಿಂದ ಹೋದ ನಾಗರತ್ನ ಅವರು ಹೆಣ್ಣಿನ ದೃಢ ನಿರ್ಧಾರವನ್ನು ಗೌರವಿಸಲೇಬೇಕೆಂದರು. 16ರಂದು ಮೂವರ ಪೀಠ ಅರ್ಜಿಯನ್ನು ತಿರಸ್ಕರಿಸಿತು, ಆಗ 26 ವಾರ 5 ದಿನ. ಅವಳಿಗೆ ಒಂದು ವಾರದಲ್ಲಿ ಅನುಮತಿ ಸಿಕ್ಕಿತು, ಪ್ರಶ್ನೆಗೊಳಗಾಯಿತು, ಕೈತಪ್ಪಿತು. ಎದೆಬಡಿತದ ಪ್ರಶ್ನೆ ಕಠಿಣವಾದದ್ದೇ, ಅದನ್ನು ಹಗುರಾಗಿ ಕಾಣಬಾರದು. ಆದರೆ ಅದನ್ನು ನಿರ್ಧರಿಸುವ ಹೊಣೆ ದೇಶದ ಅತ್ಯುಚ್ಚ ನ್ಯಾಯಾಲಯಕ್ಕೆ ಬಂದದ್ದು ಅವಳ ಕಾಯಿಲೆಯಿಂದಲ್ಲ. 24 ವಾರ ದಾಟಿದ ಮೇಲೆ ಭ್ರೂಣದ ದೋಷವನ್ನು ಬಿಟ್ಟು ತಾಯಿಯ ಮನಸ್ಸಿನ ಸ್ಥಿತಿಯನ್ನು ಕಾಯ್ದೆ ಲೆಕ್ಕಕ್ಕೇ ಹಿಡಿಯದಿರುವುದರಿಂದ.

ಅಪ್ರಾಪ್ತೆಯರ ಸ್ಥಿತಿ ಇನ್ನೂ ಇಕ್ಕಟ್ಟಿನದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವಳ ಬಸಿರು ಅಪರಾಧದ ಸಾಕ್ಷಿ. ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಠಾಣೆಗೆ ಹೆದರಿದ ಮನೆಯವರು ಆಸ್ಪತ್ರೆಯ ಬದಲು ಬೇರೆ ದಾರಿ ಹುಡುಕುತ್ತಾರೆ. ಹುಡುಗಿಯೂ ಪೋಷಕರೂ ಕೇಳಿಕೊಂಡರೆ ವರದಿಯಲ್ಲಿ ಹೆಸರು ಬರೆಯಬೇಕಿಲ್ಲ ಎಂದು 2022ರ ತೀರ್ಪು ಸಡಿಲಿಕೆ ಕೊಟ್ಟಿದೆ. 2024ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ 14 ವರ್ಷದ ಬಾಲಕಿಗೆ ಸುಮಾರು 30ನೇ ವಾರದಲ್ಲಿ ಅನುಮತಿ ಕೊಟ್ಟ ಸುಪ್ರೀಂ ಕೋರ್ಟು, ಹೆತ್ತವರು ಮನಸ್ಸು ಬದಲಿಸಿದ್ದರಿಂದ ಒಂದೇ ವಾರದಲ್ಲಿ ಅದನ್ನು ಹಿಂಪಡೆಯಿತು. ಮೊಕದ್ದಮೆಯ ಭಯವೇ ವೈದ್ಯರ ಕೈಕಟ್ಟುತ್ತಿದೆ ಎಂದು ಆ ತೀರ್ಪಿನಲ್ಲಿ ಒಪ್ಪಿಕೊಂಡಿತು.

ಕೋರ್ಟಿಗೆ ಹೋಗುವವರು ಬೆರಳೆಣಿಕೆಯಷ್ಟು. ಉಳಿದವರು ಏನು ಮಾಡುತ್ತಾರೆ ಎಂಬುದಕ್ಕೆ ಅಂಕಿಅಂಶವಿದೆ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 2015ರಲ್ಲಿ ಭಾರತದಲ್ಲಿ 1 ಕೋಟಿ 56 ಲಕ್ಷ ಗರ್ಭಪಾತಗಳು ನಡೆದವು. ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ನಡೆದದ್ದು ಶೇ. 22 ಮಾತ್ರ, ಶೇ. 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ. ಮಿಫೆಪ್ರಿಸ್ಟೋನ್ ಎಂಬ ಮೊದಲ ಮಾತ್ರೆ ಬಸಿರನ್ನು ಹಿಡಿದಿಡುವ ಪ್ರೊಜೆಸ್ಟೆರಾನ್ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ. ಒಂದೆರಡು ದಿನದ ನಂತರ ಕೊಡುವ ಮಿಸೋಪ್ರೊಸ್ಟಾಲ್ ಗರ್ಭಕೋಶವನ್ನು ಸಂಕುಚಿಸಿ ರಕ್ತಸ್ರಾವದೊಂದಿಗೆ ಖಾಲಿ ಮಾಡುತ್ತದೆ. ಮಿಫೆಪ್ರಿಸ್ಟೋನಿಗೆ ಭಾರತದಲ್ಲಿ 2002ರಲ್ಲಿ ಪರವಾನಗಿ ಸಿಕ್ಕಿತು. ಈಗಿನ ನಿಯಮದಂತೆ 9 ವಾರದವರೆಗೆ, ನೋಂದಾಯಿತ ವೈದ್ಯರ ಚೀಟಿಯ ಮೇಲೆ ಮಾತ್ರ ಇವನ್ನು ಕೊಡಬೇಕು. ವಾಸ್ತವದಲ್ಲಿ ಗಂಡನೋ ಗೆಳತಿಯೋ ಮೆಡಿಕಲ್ ಶಾಪಿನಿಂದ ತಂದುಕೊಟ್ಟದ್ದನ್ನು ಹೆಂಗಸು ಮನೆಯಲ್ಲೇ ನುಂಗುತ್ತಾಳೆ. ಎಷ್ಟು ರಕ್ತ ಹೋದರೆ ಸಹಜ, ಎಷ್ಟು ಹೋದರೆ ಆಸ್ಪತ್ರೆಗೆ ಓಡಬೇಕು ಎಂದು ಹೇಳುವವರು ಯಾರೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ, ಸರಿಯಾದ ಮಾಹಿತಿ ಮತ್ತು ಬೇಕಾದಾಗ ವೈದ್ಯರ ನೆರವು ಇದ್ದರೆ 12 ವಾರದೊಳಗೆ ಹೆಣ್ಣೇ ಈ ಮಾತ್ರೆಗಳನ್ನು ಬಳಸಬಹುದು ಎನ್ನುತ್ತದೆ. ನಮ್ಮಲ್ಲಿ ಮಾತ್ರೆ ಸಿಗುತ್ತಿದೆ, ಮಾಹಿತಿಯೂ ನೆರವೂ ಸಿಗುತ್ತಿಲ್ಲ. ತರಬೇತಿ ಪಡೆದ ನರ್ಸುಗಳಿಗೂ ಅವಕಾಶ ಕೊಡುವ ಪ್ರಸ್ತಾಪ 2014ರ ಕರಡು ಮಸೂದೆಯಲ್ಲಿತ್ತು; 2021ರ ಕಾಯ್ದೆಗೆ ಅದು ಬರಲೇ ಇಲ್ಲ.

ಹೆಣ್ಣಿಗೆ ತೀರ್ಮಾನ ಬಿಟ್ಟುಕೊಟ್ಟರೆ ಹೆಣ್ಣುಭ್ರೂಣ ಹತ್ಯೆ ಹೆಚ್ಚುತ್ತದೆ ಎಂಬುದು ನಮ್ಮಲ್ಲಿ ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಹೆಣ್ಣಿನ ಪ್ರಮಾಣ 2001ರಲ್ಲಿ 927 ಇದ್ದದ್ದು 2011ಕ್ಕೆ 919ಕ್ಕೆ ಇಳಿದ ದೇಶದಲ್ಲಿ ಈ ಭಯ ಆಧಾರವಿಲ್ಲದ್ದಲ್ಲ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲವನ್ನೇ ನೋಡಬಹುದು. ಅವರ ಪ್ರಕಾರ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತು. ಆದರೆ ಈ ಪ್ರಕರಣ ಹೇಳುವುದೇನು? ಅಲ್ಲಿ ಮುರಿದದ್ದು ಲಿಂಗಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ. ಎಂಟಿಪಿ ಕಾಯ್ದೆಯ ಬಿಗಿ ಆ ಜಾಲವನ್ನು ತಡೆಯಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಲಿಂಗ ಖಚಿತವಾಗಿ ತಿಳಿಯುವುದು ಸಾಮಾನ್ಯವಾಗಿ 12 ವಾರ ಕಳೆದ ಮೇಲೆ. ಮೊದಲ 12 ವಾರದ ತೀರ್ಮಾನವನ್ನು ಹೆಣ್ಣಿಗೆ ಬಿಟ್ಟರೆ ಅದರಿಂದ ಲಿಂಗ ಆಯ್ಕೆಗೆ ದೊರೆಯುವ ಅವಕಾಶ ಕಡಿಮೆ. ಹತ್ತನೇ ವಾರದ ಸುಮಾರಿಗೇ ಹೇಳಬಲ್ಲ ರಕ್ತಪರೀಕ್ಷೆಗಳು ಈಗ ಬಂದಿವೆ ಎಂಬುದು ನಿಜ, ಆದರೆ ಅವುಗಳಿಂದ ಲಿಂಗ ತಿಳಿಸುವುದೂ ಅದೇ 1994ರ ಕಾಯ್ದೆಯಡಿ ಅಪರಾಧ. ಎರಡು ಕಾಯ್ದೆಗಳನ್ನು ಅಧಿಕಾರಿಗಳು ಬೆರೆಸಿಬಿಡುವುದರ ಹೊರೆ ಬೀಳುವುದು ಬಡ ಹೆಂಗಸಿನ ಮೇಲೆ: ದಾಳಿಗೆ ಹೆದರಿದ ಔಷಧ ಅಂಗಡಿ ಮಾತ್ರೆ ಇಡುವುದನ್ನೇ ನಿಲ್ಲಿಸುತ್ತದೆ, ಎರಡು ಹೆಣ್ಣುಮಕ್ಕಳಿರುವವಳು ಮೂರನೆಯದು ಬೇಡವೆಂದರೆ ವೈದ್ಯರು ಅನುಮಾನದಿಂದ ನೋಡುತ್ತಾರೆ. ಗಂಡುಮಗುವಿಗಾಗಿ ಅವಳ ಮೇಲೆ ಒತ್ತಡ ಹಾಕುವ ಮನೆತನಕ್ಕೆ ಇದರಿಂದ ಯಾವ ತೊಂದರೆಯೂ ಇಲ್ಲ.

ಭ್ರೂಣಕ್ಕೂ ಜೀವವಿದೆ, ಅದರ ಪರ ನಿಲ್ಲುವವರು ಬೇಡವೇ ಎಂಬುದು ಇನ್ನೊಂದು ಆಕ್ಷೇಪ. ಈ ನಿಲುವನ್ನು ಶ್ರದ್ಧೆಯಿಂದ ನಂಬುವವರಿದ್ದಾರೆ, ಅವರ ಕಾಳಜಿಗೆ ಬೆಲೆಯಿದೆ. ಬಸಿರು ಬೆಳೆದಂತೆ ಭ್ರೂಣದ ಹಿತಕ್ಕೆ ಹೆಚ್ಚು ತೂಕ ಕೊಡಬೇಕೆಂಬುದನ್ನು ಬಹುತೇಕ ದೇಶಗಳ ಕಾನೂನುಗಳು ಒಪ್ಪುತ್ತವೆ. ಆದರೆ ಎರಡು ಜೀವಗಳನ್ನು ಸಮವೆಂದು ಸಂವಿಧಾನದಲ್ಲೇ ಬರೆದಾಗ ಏನಾಗುತ್ತದೆ ಎಂಬುದನ್ನು ಐರ್ಲೆಂಡ್ ಕಂಡಿದೆ. ಅಲ್ಲಿ 1983ರ ಎಂಟನೇ ತಿದ್ದುಪಡಿ ಹಾಗೆಯೇ ಮಾಡಿತ್ತು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್‌ನಲ್ಲಿ, 17 ವಾರದ ಬಸುರಿಯಾಗಿದ್ದಾಗ, ಗಾಲ್ವೇಯ ಆಸ್ಪತ್ರೆ ಸೇರಿದರು. ಗರ್ಭ ಉಳಿಯುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಿತ್ತು. ತೆಗೆದುಬಿಡಿ ಎಂದು ಕೇಳಿದರೆ, ಭ್ರೂಣದ ಎದೆಬಡಿತ ಇರುವವರೆಗೆ ಸಾಧ್ಯವಿಲ್ಲ ಎಂಬ ಉತ್ತರ ಬಂತು. ನಂಜು ರಕ್ತಕ್ಕೇರಿ 28ರಂದು ಅವರು ತೀರಿಕೊಂಡರು, ವಯಸ್ಸು 31. 2018ರ ಮೇ 25ರ ಜನಮತಗಣನೆಯಲ್ಲಿ ಐರ್ಲೆಂಡಿನ ಶೇ. 66.4ರಷ್ಟು ಮತದಾರರು ಆ ತಿದ್ದುಪಡಿಯನ್ನು ಕಿತ್ತುಹಾಕಿದರು. 2019ರಿಂದ ಅಲ್ಲಿ 12 ವಾರದವರೆಗೆ ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶವಿದೆ. ಇಂಥ ಸಂದರ್ಭದಲ್ಲಿ ನಮ್ಮ ಕಾಯ್ದೆಯ 5ನೇ ಸೆಕ್ಷನ್ ವಾರದ ಮಿತಿಯನ್ನೇ ಬದಿಗಿಟ್ಟು, ತಾಯಿಯ ಜೀವ ಉಳಿಸಲು ಒಬ್ಬ ವೈದ್ಯರ ತೀರ್ಮಾನಕ್ಕೆ ಅವಕಾಶ ಕೊಡುತ್ತದೆ. ಈ ಒಂದು ವಿಷಯದಲ್ಲಿ 1971ರ ಶಾಸನಕಾರರು ಐರ್ಲೆಂಡಿಗಿಂತ ಬಹಳ ಮುಂದಿದ್ದರು.

ವೈದ್ಯರ ಅಭಿಪ್ರಾಯದ ಷರತ್ತು ಹೆಣ್ಣಿನ ರಕ್ಷಣೆಗೇ ಇದೆ, ಅದನ್ನು ತೆಗೆದರೆ ಅಪಾಯ ಎನ್ನುವವರೂ ಇದ್ದಾರೆ. ವೈದ್ಯರ ಕೌಶಲ ಬೇಕು ಎಂಬುದರಲ್ಲಿ ತಕರಾರಿಲ್ಲ. ಅಪೆಂಡಿಕ್ಸ್ ಆಪರೇಷನ್ನಿಗೂ ಅದು ಬೇಕು. ಅದು ಹೇಗೆ ಮಾಡಬೇಕು ಎಂಬುದರ ತಿಳಿವು. ಮಾಡಿಸಿಕೊಳ್ಳಬೇಕೋ ಬೇಡವೋ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ವೈದ್ಯಶಾಸ್ತ್ರದ ಪುಸ್ತಕದಲ್ಲಿಲ್ಲ. ಮೊದಲ 12 ವಾರದಲ್ಲಿ ಹೆಣ್ಣಿನ ಕೋರಿಕೆಯೊಂದೇ ಸಾಕು ಎಂದಾದರೆ ವೈದ್ಯರು ಮನಸ್ಸಿನ ಹಾನಿಯ ಷರಾ ಬರೆದು ಕಾನೂನಿಗೆ ಹೊಂದಿಸುವ ಕೆಲಸ ತಪ್ಪುತ್ತದೆ, ಹೆಣ್ಣು ಅಂಜದೆ ಬೇಗ ಬರುತ್ತಾಳೆ, ತಡವಾದ ಗರ್ಭಪಾತಗಳು ಕಡಿಮೆಯಾಗುತ್ತವೆ. ಭ್ರೂಣದ ಪರ ವಾದಿಸುವವರಿಗೂ ಬೇಕಾದದ್ದು ಇದೇ ಅಲ್ಲವೇ? 24 ವಾರದ ನಂತರದ ಕಠಿಣ ಪ್ರಕರಣಗಳಲ್ಲಿ ತಾಯಿಯ ಮಾನಸಿಕ ಆರೋಗ್ಯವನ್ನೂ ಪರಿಗಣಿಸುವ ಅಧಿಕಾರವನ್ನು ಜಿಲ್ಲಾಮಟ್ಟದ ಮಂಡಳಿಗೆ ಕೊಟ್ಟು, ಅದರ ನಿರ್ಧಾರವನ್ನೇ ಅಂತಿಮವಾಗಿಸಬಹುದು. ಈಗಿನ ನಿಯಮದಲ್ಲೂ ಮಂಡಳಿ ಮೂರು ದಿನದಲ್ಲಿ ಅಭಿಪ್ರಾಯ ಕೊಡಬೇಕು ಎಂದಿದೆ. ಇದೆಲ್ಲಕ್ಕೂ ಮೊದಲು ಬದಲಾಗಬೇಕಾದದ್ದು ಬೇರೆಡೆ ಇದೆ. 2024ರ ಜುಲೈ 1ರಂದು ವಸಾಹತು ಕಾಲದ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ 312ನೇ ಸೆಕ್ಷನ್ನನ್ನು 88 ಎಂದು ಸಂಖ್ಯೆ ಬದಲಿಸಿ ಉಳಿಸಿಕೊಂಡಿತು. ತನ್ನ ಗರ್ಭವನ್ನು ತಾನೇ ಇಳಿಸಿಕೊಂಡವಳೂ ಅಪರಾಧಿ ಎಂಬ ವಿವರಣೆಯೂ ಹಾಗೆಯೇ ಉಳಿದಿದೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಡೆದ ಗರ್ಭಪಾತಗಳಲ್ಲಿ ಶೇ. 27ರಷ್ಟು ಹೆಂಗಸರು ಮನೆಯಲ್ಲಿ ತಾವೇ ಮಾಡಿಕೊಂಡವು. ಆ ವಿವರಣೆ ಇರುವವರೆಗೆ, ರಕ್ತಸ್ರಾವ ನಿಲ್ಲದೆ ರಾತ್ರಿ ತಾಲ್ಲೂಕು ಆಸ್ಪತ್ರೆಗೆ ಬಂದವಳು ಯಾವ ಮಾತ್ರೆ ನುಂಗಿದೆ ಎಂದು ನಿಜ ಹೇಳಲು ಹೆದರುತ್ತಾಳೆ. ಹೇಳದಿದ್ದರೆ ವೈದ್ಯರಿಗೆ ಚಿಕಿತ್ಸೆ ಕಷ್ಟ.